ಉದುರಿದ ಕಟ್ಟಿಗೆ ಮತ್ತು ವರ್ಗ ಅಸಮಾನತೆಯ ಮೂಲ

ವರ್ಗ ಅಸಮಾನತೆಯ ಆರ್ಥಿಕ ಮೂಲವನ್ನು ಕುರಿತ ಮಾರ್ಕ್ಸ್‌ವಾದಿ ಚರ್ಚೆ ಸಾಮಾನ್ಯವಾಗಿ ಕಾರ್ಖಾನೆಯಿಂದ ಆರಂಭವಾಗುತ್ತದೆ. ಮಾರ್ಕ್ಸ್ ಈ ಪ್ರಶ್ನೆಯನ್ನು ಮೊದಲು ಎದುರುಗೊಂಡದ್ದು ಕಾಡಿನ ವಿಷಯದಲ್ಲಿ. ಜರ್ಮನಿಯ ರೈನ್ ಪ್ರಾಂತದ ಬಡವರಿಗೆ ಉದುರಿದ ಕಟ್ಟಿಗೆ ಆಯುವುದು ವಾಡಿಕೆಯ ಹಕ್ಕಾಗಿತ್ತು. ಅದನ್ನು ಕಳವೆಂದು ಸಾರಿ, ದಂಡದ ಹಣವನ್ನೂ ಕಾಡಿನೊಡೆಯನಿಗೇ ಸಲ್ಲಿಸಲು ಪ್ರಾಂತೀಯ ಸಭೆ ಹೊರಟಾಗ, 1842ರಲ್ಲಿ ಆತ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಬರೆದನು. ಮರಕ್ಕೂ ಉದುರಿದ ಕಟ್ಟಿಗೆಗೂ ಇರುವ ಸಂಬಂಧವನ್ನು ಹಾವಿಗೂ ಅದು ಕಳಚಿದ ಪೊರೆಗೂ ಇರುವ ಸಂಬಂಧಕ್ಕೆ ಹೋಲಿಸಿದನು. ವಾಡಿಕೆಯನ್ನು ಕೇವಲ ಆಚರಣೆಯೆಂದು ದಾಖಲಿಸುವ ಜಾನಪದ ಅಧ್ಯಯನವು, ಅದು ಬಡವರ ಆಸ್ತಿಯೂ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ತನ್ನನ್ನು ಆರ್ಥಿಕ ಪ್ರಶ್ನೆಗಳತ್ತ ಮೊದಲು ಸೆಳೆದ ಸಂಗತಿಗಳಲ್ಲಿ ಇದೂ ಒಂದೆಂದು 1859ರಲ್ಲಿ ಅವನೇ ಹೇಳಿಕೊಂಡಿದ್ದಾನೆ. 1867ರ ‘ಬಂಡವಾಳ’ ಗ್ರಂಥದಲ್ಲಿ ಇಂಗ್ಲೆಂಡಿನ ಸಾಮುದಾಯಿಕ ಭೂಮಿಗೆ ಬೇಲಿ ಹಾಕಿದ ಚರಿತ್ರೆಯಿದೆ. ನೆಲ ಕಳೆದುಕೊಂಡ ರೈತನಿಗೆ ಮಾರಲು ಉಳಿದದ್ದು ದುಡಿಮೆಯ ಶಕ್ತಿಯೊಂದೇ.