ಗಂಗಾರಾಮ ಕಾಂಬಳೆಯವರ ಚಹಾದಂಗಡಿ



ಹೋದ ತಿಂಗಳು ನಮ್ಮ ಸಂಘದ ಹುಡುಗನೊಬ್ಬ ಮನೆಗೆ ಬಂದಿದ್ದ. ಇಚಲಕರಂಜಿಯಲ್ಲಿ ಮಗ್ಗದ ಕಾರಖಾನೆಗಳ ಎದುರಿನ ಒಂದು ಹೋಟೆಲ್ಲಿನಲ್ಲಿ ಐದು ವರ್ಷ ದುಡಿದು ಕೆಲಸ ಕಲಿತವನು. ಈಗ ಗಡಹಿಂಗ್ಲಜದಲ್ಲಿ ಸ್ವಂತ ಚಹಾ-ನಾಷ್ಟಾದ ಅಂಗಡಿ ಹಾಕಬೇಕೆಂದಿದ್ದಾನೆ. ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ ಎಲ್ಲದರ ಲೆಕ್ಕ ಬರೆದುಕೊಂಡು ಬಂದಿದ್ದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವನು ಕೇಳಲು ಬಂದದ್ದು ಬೇರೆಯೇ ಮಾತು.

"ಅಣ್ಣಾ, ಬೋರ್ಡಿನ ಮ್ಯಾಲೆ ದೇವರ ಹೆಸರು ಹಾಕಸ್ತೀನಿ. ಆದರ ಗಿರಾಕಿ ಮೊಬೈಲಿನಾಗ ರೊಕ್ಕ ಹಾಕುವಾಗ ನನ್ನ ಅಡ್ಡಹೆಸರು ಕಾಣ್ತೈತಿ. ಬ್ಯಾರೆ ಯಾರದರೆ ಖಾತೆ ಇಡ್ಲೇನು?"

ಅವನ ಅಡ್ಡಹೆಸರು ಕಾಂಬಳೆ. ನೂರು ವರ್ಷಗಳ ಹಿಂದೆ ಕೊಲ್ಹಾಪುರದಲ್ಲಿ ಇದೇ ಅಡ್ಡಹೆಸರಿನವರೊಬ್ಬರು ಇದೇ ಧಂದೆ ಮಾಡಿದ್ದರು. ಅವನಿಗೆ ಹೇಳಿದ ಆ ಸಂಗತಿಯನ್ನು ನಿಮಗೂ ಹೇಳುತ್ತೇನೆ. ನಿಮ್ಮಲ್ಲಿ ಅರ್ಧ ಮಂದಿಗೆ ಗೊತ್ತಿರಬಹುದು, ಆದರೂ ಕೇಳ್ರಿ.

ಶಾಹೂ ಮಹಾರಾಜರ ಆಳ್ವಿಕೆಯ ಕಡೆಯ ವರ್ಷಗಳು. ಗಂಗಾರಾಮ ಕಾಂಬಳೆ ಅರಮನೆಯ ಕುದುರೆ ಲಾಯದಲ್ಲಿ ಚಾಕರಿಗಿದ್ದರು. ಮಹಾರ ಜಾತಿಯವರು. ಅಲ್ಲಿ ಮೇಲಿನವರಿಗೆಂದು ಬೇರೆ ನೀರಿನ ಹೌದು ಇತ್ತು. ಗಂಗಾರಾಮರು ಆ ನೀರು ಮುಟ್ಟಿದರೆಂದು ಜೊತೆಯಲ್ಲಿ ದುಡಿಯುವವರೇ ಅವರನ್ನು ಹಿಡಿದು ಬಡಿದರು. ಮಹಾರಾಜರು ಆಗ ಊರಲ್ಲಿರಲಿಲ್ಲ. ತಿರುಗಿ ಬಂದ ಮೇಲೆ ಗಂಗಾರಾಮರು ಬೆನ್ನ ಮೇಲಿನ ಬಾಸುಂಡೆ ತೋರಿಸಿದರು. ಬಡಿದವರಿಗೆ ಮಹಾರಾಜರು ತಾವೇ ಚಾಬೂಕಿನ ಏಟು ಕೊಟ್ಟರು ಎಂದು ಹೇಳುತ್ತಾರೆ. ಸಿಟ್ಟು ಬಂದ ರಾಜ ಹೊಡೆಯುವುದು ದೊಡ್ಡ ಮಾತಲ್ಲ ಬಿಡ್ರಿ. ಮುಂದಿನದು ದೊಡ್ಡದು. ಚಾಕರಿ ಬಿಟ್ಟು ಸ್ವಂತ ಧಂದೆ ಮಾಡು, ಬೇಕಾದ ಸಹಾಯ ನಾನು ಮಾಡುತ್ತೇನೆ ಅಂದರು.

ಗಂಗಾರಾಮರು ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಚಹಾದಂಗಡಿ ತೆರೆದರು. ಹೆಸರು 'ಸತ್ಯಸುಧಾರಕ ಹೋಟೆಲ್'. ಅಂಗಡಿ ಸ್ವಚ್ಛ, ಚಹಾ ಚಲೋ. ಗಿರಾಕಿ ಮಾತ್ರ ಇಲ್ಲ. ಮಹಾರನ ಕೈಯ ಚಹಾ ಕುಡಿಯುವುದೆಂದರೇನು! ಹಿಂದೆ ನಡೆದರೆ ನೆರಳು ಬೀಳುತ್ತದೆ ಎನ್ನುತ್ತಿದ್ದ ಕಾಲ. ಅಂಥದರಲ್ಲಿ ಊರಿನ ನಡುವೆ ಅಂಗಡಿ ಹಾಕಿ, ತನ್ನ ಜಾತಿ ಮುಚ್ಚಿಡದೆ ಗಲ್ಲಾದ ಮೇಲೆ ಕೂತಿದ್ದಾನೆ.

ಮಹಾರಾಜರ ಕಿವಿಗೆ ಈ ಮಾತು ಬಿತ್ತು. ಅವರ ಕುದುರೆ ಗಾಡಿ ಒಂದು ದಿನ ಆ ಅಂಗಡಿಯ ಮುಂದೆ ನಿಂತಿತು. ನಾಲ್ಕು ಜನರಿಗೆ ಕೇಳುವಂತೆ ಗಂಗಾರಾಮರನ್ನು ಕೂಗಿ ಚಹಾ ತರಿಸಿಕೊಂಡು ಕುಡಿದರು, ಜೊತೆಗಿದ್ದವರಿಗೂ ಕೊಡಿಸಿದರು. ಒಂದೇ ದಿನದ ತೋರಿಕೆಯಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಗಾಡಿ ಮತ್ತೆ ಮತ್ತೆ ನಿಂತಿತು. ಕಾಗದಕ್ಕೆ ಸಹಿ ಬೇಕೆಂದವರನ್ನು ಅಲ್ಲಿಗೇ ಬರಹೇಳುತ್ತಿದ್ದರಂತೆ. ಕೆಲಸ ಆಗಬೇಕಿದ್ದರೆ ಗಂಗಾರಾಮರ ಅಂಗಡಿಗೆ ಹೋಗಬೇಕು, ಹೋದ ಮೇಲೆ ಮಹಾರಾಜರ ಎದುರು ಚಹಾ ಬೇಡ ಅನ್ನುವ ಧೈರ್ಯ ಯಾರಿಗಿದೆ? ಮುಂದೆ ಸೋಡಾ ಮಾಡುವ ಯಂತ್ರವನ್ನೂ ಕೊಡಿಸಿದರು. ಅಂಗಡಿ ನಿಂತಿತು.

ಇದೆಲ್ಲ ಒಬ್ಬ ರಾಜನ ಒಂದು ದಿನದ ಮನಸ್ಸಲ್ಲ ಎಂಬುದಕ್ಕೆ ಅದೇ ಕಾಲದ ಬೇರೆ ಸಂಗತಿಗಳಿವೆ. 1902ರ ಜುಲೈ 26ರಂದು ಹಿಂದುಳಿದವರಿಗೆ ಸಂಸ್ಥಾನದ ನೌಕರಿಯಲ್ಲಿ ನೂರಕ್ಕೆ 50 ಮೀಸಲು. 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. 1920ರ ಮಾರ್ಚ್‌ನಲ್ಲಿ ಇಚಲಕರಂಜಿ ಹತ್ತಿರದ ಮಾಣಗಾಂವ ಪರಿಷತ್ತು. ಅಧ್ಯಕ್ಷರು ಇನ್ನೂ 28 ವರ್ಷದ ಅಂಬೇಡ್ಕರ್. ಆ ಸಭೆಯಲ್ಲಿ ಮಹಾರಾಜರು ಇವರೇ ನಿಮ್ಮ ನಾಯಕರು ಎಂದು ಜನಕ್ಕೆ ಹೇಳಿದ್ದನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ. ತಮ್ಮೊಂದಿಗೆ ಊಟಕ್ಕೆ ಬರಬೇಕೆಂದು ಅದೇ ಭಾಷಣದಲ್ಲಿ ಬಾಬಾಸಾಹೇಬರನ್ನು ಕರೆದದ್ದು ಕಡಿಮೆ ಜನಕ್ಕೆ ನೆನಪಿದೆ.

ಆ ಕರೆ ಬಾಬಾಸಾಹೇಬರಿಗೆ ಏನಾಗಿ ಕೇಳಿಸಿರಬೇಕು ಎಂದು ಯೋಚಿಸಿ ನೋಡ್ರಿ. ಅದಕ್ಕೆ ಮೂರೇ ವರ್ಷ ಮೊದಲು, 1917ರಲ್ಲಿ, ಅವರು ಬಡೋದೆಗೆ ನೌಕರಿಗೆ ಹೋಗಿದ್ದರು. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಕಡೆಗೆ ಒಂದು ಪಾರಸಿ ಧರ್ಮಶಾಲೆ. ಅದು ಪಾರಸಿಗಳಿಗೆ ಮಾತ್ರ. ನೋಡಿಕೊಳ್ಳುವವನಿಗೂ ದುಡ್ಡು ಬೇಕಿತ್ತು, ಇವರಿಗೂ ಜಾಗ ಬೇಕಿತ್ತು. ದಿನಕ್ಕೆ ಒಂದೂವರೆ ರೂಪಾಯಿ. ದಫ್ತರದಲ್ಲಿ ಒಂದು ಪಾರಸಿ ಹೆಸರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಹತ್ತು-ಹನ್ನೆರಡು ಜನ ಬಂದು ನೀನು ಯಾರು ಎಂದು ಕೇಳಿದರು. ಸಂಜೆಯೊಳಗೆ ಜಾಗ ಬಿಡಬೇಕಾಯಿತು. ಸ್ನೇಹಿತರ ಮನೆ ಬಾಗಿಲೂ ತೆರೆಯಲಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಇಬ್ಬರನ್ನೂ ಪಕ್ಕಪಕ್ಕ ಇಡ್ರಿ. ಒಬ್ಬರು ತಮ್ಮ ಹೆಸರಿನಲ್ಲೇ ಅಂಗಡಿ ಇಟ್ಟರು, ಇನ್ನೊಬ್ಬರು ಬೇರೆ ಹೆಸರಿನಲ್ಲಿ ಹತ್ತು ದಿನ ಕಳೆದರು. ಬಾಬಾಸಾಹೇಬರು ಸುಳ್ಳು ಹೆಸರು ಬರೆಸಿದ್ದು ತಪ್ಪೇ? ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ತಪ್ಪು ಬಾಗಿಲು ಮುಚ್ಚಿದವರದು.

ಹೋಟೆಲ್ಲಿನ ಯಜಮಾನರನ್ನು ಕೇಳಿದರೆ ಒಂದು ಮಾತು ಬಂದೇ ಬರುತ್ತದೆ: "ನನಗೇನೂ ಜಾತಿ-ಗೀತಿ ಇಲ್ಲಪ್ಪ, ಆದರ ಗಿರಾಕಿ ಬಿಟ್ಟು ಹೋಗ್ತಾವ." ಈ ಮಾತು ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಗ್ರೀನ್ಸ್‌ಬರೋ ಊರಿನಲ್ಲಿ 1960ರ ಫೆಬ್ರುವರಿ 1ರಂದು ನಾಲ್ಕು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆಂದೇ ಇಟ್ಟ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಅಲ್ಲಿ ಹೋಟೆಲ್ಲಿನ ಬಾಗಿಲು ತೆರೆಸುವ ಕಾಯಿದೆ ಬಂದದ್ದು 1964ರಲ್ಲಿ. ನಮ್ಮಲ್ಲಿ 1950ರಲ್ಲೇ ಸಂವಿಧಾನದ 15ನೆಯ ಕಲಮು ಅಂಗಡಿ, ಹೋಟೆಲ್ಲು, ಬಾವಿ, ಕೆರೆ ಎಂದು ಹೆಸರು ಹಿಡಿದು ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲ್ಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಗಳನ್ನೂ ಬಿಡಲಿಲ್ಲ. ಅವುಗಳನ್ನು ಬಳಸಲು ಅಡ್ಡಿ ಮಾಡಿದರೂ ಅಪರಾಧ. ಪಾತ್ರೆಯ ಮಾತು ಕಾಯಿದೆಗೆ ಯಾಕೆ ಬೇಕಾಯಿತೆಂದು ನಮ್ಮ ಅಜ್ಜಂದಿರನ್ನು ಕೇಳಬೇಕು.

ನಮ್ಮಜ್ಜನ ಕಪ್ಪು-ಬಸಿ ಹಳ್ಳಿಯ ಒಂದು ಅಂಗಡಿಯ ಮಾಡಿನ ಸಂದಿಯಲ್ಲಿ ಇರುತ್ತಿತ್ತು. ಕಿವಿ ಮುರಿದ ಕಪ್ಪು. ತಾನೇ ತೆಗೆದುಕೊಳ್ಳಬೇಕು, ಮೇಲಿಂದ ಸುರಿದ ಚಹಾ ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿಯಬೇಕು, ತಾನೇ ತೊಳೆದು ಇಡಬೇಕು. ರೊಕ್ಕ ಮಾತ್ರ ಎಲ್ಲರಷ್ಟೇ. ಈಗ ಆ ಸಂದಿಯಲ್ಲಿ ಕಪ್ಪಿಲ್ಲ. ಅದೇ ಅಂಗಡಿಯಲ್ಲಿ ಕೆಲವರಿಗೆ ಗಾಜಿನ ಗ್ಲಾಸು, ಕೆಲವರಿಗೆ ಕುಡಿದು ಎಸೆಯುವ ಕಾಗದದ ಕಪ್ಪು. ಯಾರಿಗೆ ಯಾವುದು ಎಂದು ಎರಡು ದಿನ ಕೂತು ನೋಡಿದರೆ ತಿಳಿಯುತ್ತದೆ.

ಹಾಗೆಂದು ಬೆರಳು ಹೊರಗಿನವರ ಕಡೆಗೇ ತೋರಿಸಿ ಮುಗಿಸಲು ನನಗೆ ಮನಸ್ಸಿಲ್ಲ. ನಮ್ಮಲ್ಲೇ ಮಹಾರ, ಮಾಂಗ, ಚಮ್ಹಾರ, ಢೋರ ಎಂದು ಒಬ್ಬರ ಮನೆಯ ನೀರು ಇನ್ನೊಬ್ಬರು ಎಷ್ಟು ಕಾಲ ಕುಡಿಯಲಿಲ್ಲ, ಹೇಳ್ರಿ? ನಾವು ಗಲ್ಲಾದ ಮೇಲೆ ಕೂತ ದಿನ ಗಟಾರ ಬಳಿಯುವವನು ಬಂದರೆ ಒಳಗಿನ ಬಾಂಕಿನ ಮೇಲೆ ಕೂಡಿಸುತ್ತೇವೋ, ಹೊರಗೇ ಕೊಟ್ಟು ಕಳಿಸುತ್ತೇವೋ? ಗ್ಲಾಸು ತೊಳೆಯಲು ಯಾರ ಮಗನನ್ನು ಇಟ್ಟುಕೊಳ್ಳುತ್ತೇವೆ? ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲ್ಲು, ಧಾಬಾಗಳಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರಿನಿಂದ ಬಂದಿ ಇದೆ. ಆ ಹುಡುಗ ತಾನೂ ಹನ್ನೆರಡನೆಯ ವಯಸ್ಸಿಗೆ ಗ್ಲಾಸು ತೊಳೆದವನು. ಈ ಮಾತಿಗೆ ಅವನು ತಲೆ ತಗ್ಗಿಸಿ ಸುಮ್ಮನಾದ.

1922ರ ಮೇ 6ರಂದು ಮಹಾರಾಜರು ತೀರಿಕೊಂಡರು. ಕೊಲ್ಹಾಪುರದಲ್ಲಿ ಅವರ ಮೊದಲ ಸ್ಮಾರಕ ಎದ್ದಾಗ ಅದಕ್ಕೆ ಮುಂದೆ ನಿಂತವರು ದೊಡ್ಡ ಸರದಾರರಲ್ಲ, ಗಂಗಾರಾಮ ಕಾಂಬಳೆ ಮತ್ತು ನಮ್ಮ ಜನ.

ಇಷ್ಟೆಲ್ಲ ಕೇಳಿ ಹುಡುಗ ಅಂದ: "ಅಣ್ಣಾ, ಅವರಿಗೆ ಮಹಾರಾಜ ಇದ್ದ. ನನ್ನ ಅಂಗಡಿ ಮುಂದ ಯಾರ ಗಾಡಿ ನಿಲ್ತೈತಿ?"

ಅದು ನ್ಯಾಯವಾದ ಪ್ರಶ್ನೆ. ಖಾತೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ನಾನು ಅವನಿಗೆ ಹೇಳಲಿಲ್ಲ. ಬಾಡಿಗೆ ಕಟ್ಟುವವನು ಅವನು, ಸಾಲ ಅವನ ತಲೆಯ ಮೇಲಿದೆ. ಆದರೆ ಅವನ ಪ್ರಶ್ನೆ ನನ್ನೊಬ್ಬನಿಗಲ್ಲ, ನಿಮಗೂ ಇದೆ. ಅಂಗಡಿ ಮುಂದಿನ ತಿಂಗಳು ತೆರೆಯುತ್ತದೆ. ಮೊದಲ ವಾರ ಬೆಳಿಗ್ಗೆ ಯಾರು, ಸಂಜೆ ಯಾರು ಹೋಗುವುದೆಂದು ವಾರ್ಷಿಕೋತ್ಸವದ ಮರುದಿನದ ಸಭೆಯಲ್ಲಿ ಗೊತ್ತುಮಾಡೋಣ. ನೆರೆಯ ಓಣಿಗಳ ಗೆಳೆಯರೇ, ಈ ಸಂಚಿಕೆ ನಿಮ್ಮ ಕೈಗೂ ಬಂದಿದೆ. ನೀವೂ ಬರ್ರಿ. ಒಳಗೆ ಬಾಂಕಿನ ಮೇಲೆ ಕೂತು ಕುಡೀರಿ, ರೊಕ್ಕ ಕೊಡೋದು ಮಾತ್ರ ಮರೀಬ್ಯಾಡ್ರಿ.