ಪಾತ್ರದ ದುಡ್ಡು: ತೆಂಗಿನ ಸೀಮೆಯ ನಾಟಕ, ಒಡಹುಟ್ಟಿದವರು ಮತ್ತು ‘ಲೈಟ್ ಆಫ್ ಡೇ’

ಪಾಲ್ ಶ್ರೇಡರ್ 1987ರಲ್ಲಿ ನಿರ್ದೇಶಿಸಿದ ‘ಲೈಟ್ ಆಫ್ ಡೇ’ ಚಿತ್ರವನ್ನು ಈಗ ನೆನೆಯುವವರು ಕಡಿಮೆ. ನೆನೆದರೂ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬರೆದುಕೊಟ್ಟ ಶೀರ್ಷಿಕೆಗೀತೆಯ ನೆಪದಲ್ಲಿ. ಕ್ಲೀವ್‌ಲ್ಯಾಂಡ್ ನಗರದಲ್ಲಿ ದುಡಿದು ತಿನ್ನುವ ಮನೆಯ ಜೋ ಮತ್ತು ಪ್ಯಾಟಿ ಒಡಹುಟ್ಟಿದವರು. ಹಗಲು ಕೂಲಿ, ರಾತ್ರಿ ಬಾರುಗಳಲ್ಲಿ ರಾಕ್ ಸಂಗೀತ. ಪ್ಯಾಟಿಗೆ ಮದುವೆಯಾಗಿಲ್ಲ, ಪುಟ್ಟ ಮಗನಿದ್ದಾನೆ. ದೈವಭಕ್ತೆ ತಾಯಿಗೂ ಅವಳಿಗೂ ಆಗಿಬರುವುದಿಲ್ಲ. ಇದನ್ನು ತಾಯಿ ಮಗಳ ಜಗಳದ ಕಥೆಯೆಂದೇ ಓದಬಹುದು, ತಾಯಿಯ ಕಾಯಿಲೆ ಬಂದ ಮೇಲೆ ಚಿತ್ರವೂ ಆ ಕಡೆಗೇ ವಾಲುತ್ತದೆ. ನನ್ನ ವಾದ ಬೇರೆ. ಅಲ್ಲಿನ ಜಗಳದ ಬೇರು ಸಂಗೀತದಲ್ಲಿಲ್ಲ, ಅದರ ಖರ್ಚಿನಲ್ಲಿದೆ. ವಾದ್ಯದ ಸಲಕರಣೆಗೆ ದುಡ್ಡು ಎಲ್ಲಿಂದ, ಮಗುವನ್ನು ನೋಡಿಕೊಳ್ಳುವವರು ಯಾರು, ಸಂಬಳದ ಕೆಲಸಕ್ಕೆ ಮರಳುವವರು ಯಾರು ಎಂಬ ಪ್ರಶ್ನೆಗಳೇ ಅಕ್ಕತಮ್ಮಂದಿರನ್ನು ಬೇರೆ ಮಾಡುತ್ತವೆ. ಈ ಲೆಕ್ಕವನ್ನು ಓದಲು ಕಿಬ್ಬನಹಳ್ಳಿಯ ಸುತ್ತಲಿನ ನಾಟಕ ಒಳ್ಳೆಯ ಕೈಪಿಡಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದಾರಿಗಳು ಸೇರುವ ಕಿಬ್ಬನಹಳ್ಳಿ ಕ್ರಾಸಿನ (ಕೆ.ಬಿ. ಕ್ರಾಸ್) ಆಸುಪಾಸಿನ ಊರುಗಳಲ್ಲಿ, ತುಮಕೂರು ಜಿಲ್ಲೆಯ ಉಳಿದೆಡೆಯಂತೆಯೇ, ಪೌರಾಣಿಕ ನಾಟಕ ಇನ್ನೂ ಜೀವಂತ. ಹೆಚ್ಚಾಗಿ ‘ಕುರುಕ್ಷೇತ್ರ’. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ರಾತ್ರಿಯೆಲ್ಲ ತಾಲೀಮು ಕೊಡಿಸುತ್ತಾರೆ. ನಟರು ಊರಿನ ರೈತರು, ಅಂಗಡಿಯವರು, ನೌಕರರು. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವರೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾರೆ. ಕಂದ, ಹಾಡು ಹೆಚ್ಚಿರುವ ಕೃಷ್ಣನಿಗೂ ದುರ್ಯೋಧನನಿಗೂ ಬೆಲೆ ಜಾಸ್ತಿ, ಸೈನಿಕನಿಗೆ ಅಷ್ಟಿಲ್ಲ. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಮೈಕ್‌ಸೆಟ್ಟು, ವೇಷಭೂಷಣ ಎಲ್ಲವೂ ಈ ದುಡ್ಡಿನಿಂದಲೇ ನಡೆಯಬೇಕು.

ತೆಂಗಿನ ಸೀಮೆಯಲ್ಲಿ ಕೈಗೆ ದುಡ್ಡು ಬರುವ ದಾರಿ ಕೊಬ್ಬರಿ. ಕಾಯಿ ಅಟ್ಟ ಏರಿದ ಮೇಲೆ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಅದಕ್ಕೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಅಟ್ಟದ ಮೇಲಿನ ಕಾಯಿ ಒಬ್ಬರದಲ್ಲ, ಇಡೀ ಮನೆಯದು. ಹಾಗಿರುವಾಗ ಮನೆಯ ಒಬ್ಬ ದುರ್ಯೋಧನನಾಗಲು ಹೊರಟರೆ ತಮ್ಮನ ಫೀಸು, ತಂಗಿಯ ಮದುವೆ, ಬೋರ್‌ವೆಲ್ಲಿನ ಸಾಲ ಎಲ್ಲವೂ ಮಾತಿಗೆ ಬರುತ್ತವೆ. ದಾಯಾದಿ ಜಗಳದ ಕಥೆಯಾಡಲು ಹೋಗಿ ಮನೆಯೊಳಗೆ ದಾಯಾದಿ ಜಗಳ ಹೂಡಿಕೊಳ್ಳುವುದನ್ನು ವ್ಯಾಸರೂ ಊಹಿಸಿರಲಾರರು!

ಆದರೆ ಇಲ್ಲಿ ನಿಜಕ್ಕೂ ಗಮನಿಸಬೇಕಾದ್ದು ಸ್ತ್ರೀಪಾತ್ರಗಳ ವ್ಯವಸ್ಥೆ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಕಲಾವಿದೆಯರು ಸಂಭಾವನೆ ಪಡೆದು ಬರುತ್ತಾರೆ. ಒಂದೇ ರಂಗದ ಮೇಲೆ ಗಂಡಸು ದುಡ್ಡು ಕೊಟ್ಟು ನಿಂತಿದ್ದಾನೆ, ಹೆಂಗಸು ದುಡ್ಡು ಪಡೆದು ನಿಂತಿದ್ದಾಳೆ. ಅವನದು ಷೋಕಿ, ಇವಳದು ಕೂಲಿ. ಆಡುವ ಕಲೆ ಅವಳಿಗೇ ಹೆಚ್ಚು ಗೊತ್ತು, ಶಿಳ್ಳೆ ಚಪ್ಪಾಳೆ ಮಾತ್ರ ಅವನಿಗೆ. ಕರಪತ್ರದಲ್ಲಿ ಅವನ ಹೆಸರಿನ ಮುಂದೆ ತಂದೆಯ ಹೆಸರು, ಮನೆತನ, ಕೆಲವೊಮ್ಮೆ ಭಾವಚಿತ್ರವೂ ಇರುತ್ತದೆ. ಅವಳ ಹೆಸರು ‘ಸ್ತ್ರೀ ಪಾತ್ರಧಾರಿಗಳು’ ಎಂಬ ಬೇರೆ ಸಾಲಿನಲ್ಲಿ. ಅವಳಿಗೂ ಒಡಹುಟ್ಟಿದವರಿದ್ದಾರೆ, ಮಕ್ಕಳಿದ್ದಾರೆ ಎಂಬುದು ಊರಿಗೆ ಬೇಕಿಲ್ಲ.

ಕಂಪನಿ ನಾಟಕದ ಕಾಲದಲ್ಲಿ ಈ ಎರಡು ಸಾಲುಗಳ ನಡುವೆ ಗೋಡೆ ಇಷ್ಟು ಎತ್ತರವಿರಲಿಲ್ಲ. ಕಿಬ್ಬನಹಳ್ಳಿಯಿಂದ ಬಿ.ಎಚ್. ರಸ್ತೆ ಹಿಡಿದು ತುಮಕೂರಿನ ಕಡೆಗೆ ಹೊರಟರೆ ನಿಟ್ಟೂರಿನ ಆಚೆಗೆ ಗುಬ್ಬಿ; ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ಊರು. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು ಮದುವೆಯಾದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಮೂವರೂ ಕಂಪನಿಯ ನಟಿಯರು. ಮನೆ ಯಾವುದು, ಕಂಪನಿ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ತಿಪಟೂರಿನ ನರಸಿಂಹರಾಜು (ಜನನ 1923) ಎಳೆಯ ಮಗುವಾಗಿದ್ದಾಗಲೇ ಬಣ್ಣ ಹಚ್ಚಿದವರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಅವರ ಮಗ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರೆ, ತಮ್ಮ ವರದಪ್ಪ ನಟನೆಯನ್ನು ಬಿಟ್ಟು ಅಣ್ಣನ ಕಥೆ, ಚಿತ್ರ, ವ್ಯವಹಾರಗಳ ಬೆನ್ನಿಗೆ ನಿಂತರು. ಬಿಟ್ಟುಕೊಟ್ಟ ಆ ತಮ್ಮನನ್ನು ನಾಡು ಪ್ರೀತಿಯಿಂದ ನೆನೆಯುತ್ತದೆ, ನೆನೆಯಲೇಬೇಕು. ಬಿಟ್ಟುಕೊಡದ ಅಕ್ಕತಂಗಿಯರನ್ನು ಏನೆಂದು ನೆನೆಯುತ್ತೇವೆ?

ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981) ಈ ಪ್ರಶ್ನೆಯ ಬಳಿಗೆ ಬಂದ ಚಿತ್ರ. ಅಶ್ವತ್ಥರ ಕಾದಂಬರಿ ಅದರ ಆಧಾರ. ಆರತಿ ನಟಿಸಿದ ನಾಯಕಿ ರಂಗದ ಹೆಣ್ಣು. ಸಹನಟ ರಾಮಣ್ಣ (ಅಂಬರೀಶ್) ಅವಳಿಗೆ ಅಣ್ಣನ ಸ್ಥಾನದಲ್ಲಿದ್ದಾನೆ. ಮದುವೆಯ ನಂತರ ಅವಳು ಮತ್ತೆ ರಂಗಕ್ಕೆ ಹೋದದ್ದೇ ಕಾರಣವಾಗಿ ಗಂಡ, ಮಗು ಎರಡೂ ಕೈತಪ್ಪುತ್ತವೆ. ಮುಂದೆ ಆ ಮಗನೇ, ತಾಯಿಯೆಂದು ತಿಳಿಯದೆ, ಅವಳಿಗೆ ಮರುಳಾಗುತ್ತಾನೆ. ಕಲೆಯನ್ನು ಬಿಡದ ತಾಯಿಗೆ ಕಥೆ ವಿಧಿಸುವ ಈ ದಂಡ ತೀರ ದುಬಾರಿ. ಪುಟ್ಟಣ್ಣನವರಿಗೆ ಅವಳ ಮೇಲೆ ಕರುಣೆಯಿದೆ, ಅವಳ ದುಡಿಮೆಯ ಲೆಕ್ಕದ ಮೇಲೆ ಆಸಕ್ತಿ ಕಡಿಮೆ.

ಶ್ರೇಡರ್ ಈ ಒಂದು ವಿಷಯದಲ್ಲಿ ಮುಂದಿದ್ದಾರೆ. ಕಟ್ಟುನಿಟ್ಟಾದ ಕ್ಯಾಲ್ವಿನಿಸ್ಟ್ ಮನೆಯಲ್ಲಿ, ಸಿನಿಮಾ ನೋಡಗೊಡದ ವಾತಾವರಣದಲ್ಲಿ ಬೆಳೆದ ಅವರಿಗೆ ತಾಯಿಯ ಭಕ್ತಿಯ ಬಿಗಿತ ಗೊತ್ತಿದ್ದದ್ದೇ. ಆದರೂ ಪ್ಯಾಟಿಯನ್ನು ಅವರು ದೇವಿಯನ್ನಾಗಿಯೂ ಮಾಡುವುದಿಲ್ಲ, ಕೆಟ್ಟವಳನ್ನಾಗಿಯೂ ಮಾಡುವುದಿಲ್ಲ. ಅವಳು ಕದಿಯುತ್ತಾಳೆ, ತಮ್ಮನನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾಳೆ, ಹಾಡುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಕೊನೆಯ ಭಾಗ ಕಣ್ಣೀರಿಗೆ ಸಡಿಲವಾಗುತ್ತದೆ, ಅದು ಚಿತ್ರದ ದೋಷವೇ. ಆದರೆ ಯಾರು ಎಷ್ಟು ದುಡಿದರು, ಯಾರು ಯಾರ ಸಾಲ ತೀರಿಸಿದರು ಎಂಬುದನ್ನು ಅದು ಮರೆಮಾಚುವುದಿಲ್ಲ.

ನಮ್ಮ ಊರ ನಾಟಕಗಳ ಬಗ್ಗೆ ಬರೆಯುವಾಗ ಮಟ್ಟು, ಪಠ್ಯ, ಪ್ರಸಿದ್ಧ ನಟರ ಜಾಡಿನಲ್ಲೇ ಹೆಚ್ಚು ಸುತ್ತುತ್ತೇವೆ. ಡ್ರಾಮಾ ಮೇಷ್ಟ್ರುಗಳ ಪಾತ್ರಹಂಚಿಕೆಯ ಪುಸ್ತಕ, ಸೀನರಿ ಮಾಲೀಕರ ಬಾಡಿಗೆ ಲೆಕ್ಕ, ಹಳೆಯ ಕರಪತ್ರಗಳು ಅಟ್ಟದಲ್ಲೋ ಟ್ರಂಕಿನಲ್ಲೋ ಗೆದ್ದಲು ಹಿಡಿಯುವ ಮುನ್ನ ಅವನ್ನು ಸಂಗ್ರಹಿಸುವ ಕೆಲಸವನ್ನು ತುಮಕೂರು ವಿಶ್ವವಿದ್ಯಾಲಯದ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಕಲಾವಿದೆಯರ ಮಾತನ್ನು, ಅವರ ಒಪ್ಪಿಗೆ ಪಡೆದು, ಸಂಭಾವನೆಯ ವಿವರದ ಸಮೇತ ದಾಖಲಿಸುವುದು ಅದರಲ್ಲಿ ಮೊದಲ ಕೆಲಸವಾಗಲಿ.