ಕರುಳಿನ ವಾಯು

ಕರುಳಿನಲ್ಲಿ ಗಾಳಿ ಹೆಚ್ಚಾಗಿ ಹೊಟ್ಟೆ ಉಬ್ಬುವ, ಗುಡುಗುಡು ಎನ್ನುವ, ಹೂಸು ಹೆಚ್ಚುವ ಸ್ಥಿತಿ, ಆಡುಮಾತಿನಲ್ಲಿ ‘ಗ್ಯಾಸ್’. ದಿನಕ್ಕೆ 10–20 ಬಾರಿ ಹೂಸು ಹೋಗುವುದು ಸಹಜ, ನಾಚಿಕೆಪಡಬೇಕಾದ ರೋಗವಲ್ಲ.

ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳದ ಮನೆಗಳಲ್ಲಿ ಈ ದೂರು ಹೆಚ್ಚುವುದು ಅವರೆಕಾಯಿ ಕಾಲದಲ್ಲಿ. ಸೊಗಡವರೆ ಚಳಿಗಾಲದ ಬೆಳೆ. ಅವರೆಯ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡ ಕರುಳು ಸೇರುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳು ಹುದುಗಿಸಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹೊರಬಿಡುತ್ತವೆ. ದುರ್ವಾಸನೆಗೆ ಕಾರಣ ಅಲ್ಪ ಪ್ರಮಾಣದ ಗಂಧಕದ ಅನಿಲಗಳು.

ಅವರೆ ಬಿಡಬೇಕಾಗಿಲ್ಲ. ಒಣಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದರೆ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಹಸಿಕಾಳನ್ನು ನೆನೆಸಿ, ಬೆರಳಲ್ಲಿ ಒತ್ತಿ ಸಿಪ್ಪೆ ಕಳಚುವ ಹಿತಕಿದ ಬೇಳೆ ಎಷ್ಟೋ ಜನರಿಗೆ ಹಗುರ. ಇಂಗು, ಶುಂಠಿ, ಓಮ ರೂಢಿಯ ಮದ್ದು. ಗಬಗಬ ತಿನ್ನುವುದು, ಸೋಡಾ ಕುಡಿಯುವುದು ಗಾಳಿ ಹೆಚ್ಚಿಸುತ್ತವೆ. ಹಾಲು ಒಗ್ಗದವರಿಗೆ ಹಾಲೇ ಕಾರಣವಿರಬಹುದು.

ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನೋವು ರಾತ್ರಿ ಎಬ್ಬಿಸಿದರೆ ವೈದ್ಯರನ್ನು ಕಾಣಬೇಕು. ಎದೆ ಬಿಗಿತ, ಬೆವರು, ಎಡತೋಳಿನ ನೋವು ಹೃದಯಾಘಾತದ ಸೂಚನೆಯಾಗಿರಬಹುದು; ಅದನ್ನು ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು ಮಲಗುವುದು ಜೀವಕ್ಕೇ ಅಪಾಯ. ತಕ್ಷಣ 108ಕ್ಕೆ ಕರೆ ಮಾಡಬೇಕು.